ಅಜ್ಜಿಯ ಪೆಟ್ಟಿಗೆಯ ಬೆಳ್ಳಿ ರೂಪಾಯಿ

ರಜೆಗೆ ಊರಿಗೆ ಹೋದಾಗ ನಮ್ಮಲ್ಲಿ ಅನೇಕರಿಗೆ ಈಗ ಕಾದಿರುವ ಕೆಲಸ ಒಂದೇ: ಹಳೆಯ ಮನೆ ಖಾಲಿ ಮಾಡುವುದು. ಅಟ್ಟದ ಮೇಲಿನ ಹಿತ್ತಾಳೆ ಡಬ್ಬಿಯಲ್ಲೋ, ಅರಿಶಿನ ಕುಂಕುಮ ಮೆತ್ತಿದ ದೇವರ ಪೆಟ್ಟಿಗೆಯಲ್ಲೋ ನಾಲ್ಕು ಹಳೆಯ ನಾಣ್ಯ ಸಿಗುತ್ತವೆ. "ಇದಕ್ಕೆ ಎಷ್ಟು ಬರಬಹುದು?" ಎಂಬ ಪ್ರಶ್ನೆ ಕೂಟದ ಊಟದ ಸಾಲಿನಲ್ಲೂ ಕೇಳಿಬರುವುದರಿಂದ, ಈ ದೀಪಾವಳಿಯ ಅಂಕಣ ಅದಕ್ಕೇ ಮೀಸಲು.

ಮೊದಲನೆಯದಾಗಿ, ದಯವಿಟ್ಟು ತೊಳೆಯಬೇಡಿ. ಹುಣಸೆಹಣ್ಣು ಹಾಕಿ ಉಜ್ಜಿದರೆ ದೀಪದ ಕಂಬ ಹೊಳೆಯುತ್ತದೆ. ನಾಣ್ಯವೂ ಹೊಳೆಯುತ್ತದೆ, ಆದರೆ ಬೆಲೆ ಇಳಿಯುತ್ತದೆ. ಕಾಲ ಕಟ್ಟಿದ ಆ ಮಬ್ಬು ಪದರವೇ ಸಂಗ್ರಾಹಕರಿಗೆ ಬೇಕಾದ್ದು. ಸರಕ್ಕೆ ಪೋಣಿಸಲು ಕೊಂಡಿ ಬೆಸೆದ ನಾಣ್ಯಕ್ಕೂ ಅವರಲ್ಲಿ ಬೆಲೆ ಕಡಿಮೆ.

ಮುಂದೆ ಮುಖ ಮತ್ತು ಇಸವಿ ನೋಡಿ. ವಿಕ್ಟೋರಿಯಾ ಇದ್ದು 'ಕ್ವೀನ್' ಎಂದಿದ್ದರೆ 1876ರವರೆಗಿನದು, 'ಎಂಪ್ರೆಸ್' ಎಂದಿದ್ದರೆ 1877ರ ನಂತರದ್ದು. 1862 ಎಂದಿದ್ದರೆ ಆ ವರ್ಷದ್ದೇ ಎಂದು ಹೇಳಲಾಗದು. ಅನಂತರವೂ ಹಲವು ವರ್ಷ ಅದೇ ಇಸವಿಯನ್ನು ಅಚ್ಚು ಹಾಕಿದರು. ಕಿರೀಟವಿಲ್ಲದ ಬೋಳುತಲೆಯವನು ಏಳನೇ ಎಡ್ವರ್ಡ್. ಕಿರೀಟಧಾರಿಗಳು ಐದನೇ ಮತ್ತು ಆರನೇ ಜಾರ್ಜ್.

ಆಮೇಲೆ ತೂಕ. ಸವೆಯದ ರೂಪಾಯಿ ಒಂದು ತೊಲ, ಅಂದರೆ 11.66 ಗ್ರಾಂ. 1939ರವರೆಗೆ ಅದರಲ್ಲಿ ಬೆಳ್ಳಿ ಶೇಕಡಾ 91.7, ಯುದ್ಧದ ಕಾಲದಲ್ಲಿ, 1940ರಿಂದ, ಅರ್ಧಕ್ಕರ್ಧ. 1947ರದ್ದು ಬರೀ ನಿಕ್ಕಲ್, ಮ್ಯಾಗ್ನೆಟ್‌ಗೆ ಟಕ್ಕನೆ ಅಂಟುತ್ತದೆ. ಹಾಗಾಗಿ ಹಳೆಯದರಲ್ಲಿ ಸುಮಾರು 10.7 ಗ್ರಾಂ, ಯುದ್ಧಕಾಲದ್ದರಲ್ಲಿ 5.8 ಗ್ರಾಂ ಶುದ್ಧ ಬೆಳ್ಳಿ. ಅದನ್ನು ಆ ದಿನದ ದರಕ್ಕೆ ಗುಣಿಸಿದರೆ ಕನಿಷ್ಠ ಬೆಲೆ ಸಿಕ್ಕಿತು. ಕೋಟಿಗಟ್ಟಲೆ ಅಚ್ಚಾದ ಈ ರೂಪಾಯಿಗಳಲ್ಲಿ ಹೆಚ್ಚಿನವು ಅದಕ್ಕಿಂತ ಬಹಳ ಮೇಲೇರುವುದಿಲ್ಲ.

ಅಪವಾದಗಳಿವೆ. 1911ರ ರೂಪಾಯಿಯಲ್ಲಿ ದೊರೆಯ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಾಣುತ್ತದೆಂದು ಗಲಾಟೆಯೆದ್ದು, ಬಹುಪಾಲನ್ನು ಹಿಂದಕ್ಕೆ ಪಡೆದು ಕರಗಿಸಿದರು. 1939ರ ರೂಪಾಯಿ ಇನ್ನೂ ಅಪರೂಪ. ಅದಕ್ಕೇ ಇಸವಿ ತಿದ್ದಿದ ನಕಲಿಗಳೂ ಇವೆ.

ತಾಮ್ರದ ಕಾಸಾದರೆ ನಮ್ಮ ಮೈಸೂರಿನದೇ ಇರಬಹುದು. ಆನೆಯಿದ್ದು ಪಾರಸಿ ಅಕ್ಷರವಷ್ಟೇ ಇದ್ದರೆ ಟಿಪ್ಪುವಿನದಿರಬಹುದು. ಅವನ ಮೌಲೂದಿ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಆನೆ ಅಥವಾ ಸಿಂಹದ ಜೊತೆ ಕನ್ನಡದಲ್ಲಿ 'ಶ್ರೀ', 'ಚಾಮುಂಡಿ' ಎಂದಿದ್ದರೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. ಮಕ್ಕಳಿಗೆ ಇದನ್ನು ತೋರಿಸಿ. ಬೆಲೆ ಎಷ್ಟೇ ಇರಲಿ, ನಮ್ಮ ಲಿಪಿ ನಾಣ್ಯದ ಮೇಲಿತ್ತೆಂದು ಅವರು ಕಣ್ಣಾರೆ ಕಾಣಲಿ.

ರಾಮ, ಸೀತೆ, ಲಕ್ಷ್ಮಣ, ಹನುಮಂತರ ಚಿತ್ರದೊಂದಿಗೆ 'ಈಸ್ಟ್ ಇಂಡಿಯಾ ಕಂಪನಿ 1818' ಎಂದಿರುವುದು ಸಿಕ್ಕಿದರೆ ಕೈಮುಗಿದು ದೇವರ ಮನೆಯಲ್ಲಿಡಿ. ಕಂಪನಿ ಅಂಥ ನಾಣ್ಯವನ್ನು ಹೊರಡಿಸಲೇ ಇಲ್ಲ. ಅಕ್ಕಿಕಾಳನ್ನು ಎಳೆಯುವ ನಾಣ್ಯಕ್ಕೆ ಕೋಟಿ ಕೊಡುತ್ತೇವೆ ಎನ್ನುವವರು ಸಿಕ್ಕಿದರೆ ದೂರದಿಂದಲೇ ಕೈಮುಗಿಯಿರಿ! ನಿಜವಾದ ಬೆಲೆ ತಿಳಿಯುವುದು ಹರಾಜಿನಲ್ಲಿ ಅಂಥದ್ದೇ ಸ್ಥಿತಿಯ ನಾಣ್ಯ ಮಾರಾಟವಾದ ದರದಿಂದ. ಯಾರೋ ಜಾಹೀರಾತಿನಲ್ಲಿ ಕೇಳಿದ ದರದಿಂದಲ್ಲ.

ಕೊನೆಯದು, ನಮ್ಮಂಥ ಪರದೇಶವಾಸಿಗಳಿಗೆ ಮುಖ್ಯವಾದದ್ದು. ಭಾರತದ 1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯವೂ ಪ್ರಾಚ್ಯವಸ್ತು. ಅಜ್ಜಿಯದೇ ಆದರೂ ಅದನ್ನು ನಾವು ನೀವು ದೇಶದಾಚೆಗೆ ತರುವಂತಿಲ್ಲ. ವಿಕ್ಟೋರಿಯಾ ಮತ್ತು ಎಡ್ವರ್ಡರ ಎಲ್ಲ ರೂಪಾಯಿಗಳೂ, ಐದನೇ ಜಾರ್ಜನ ಹೆಚ್ಚಿನ ರೂಪಾಯಿಗಳೂ ಆ ಗಡಿ ದಾಟಿವೆ. ಉಪ್ಪಿನಕಾಯಿ ಬಾಟಲಿಯ ಪಕ್ಕ ಸೂಟ್‌ಕೇಸಿಗೆ ಸೇರಿಸುವ ಮೊದಲು ನೆನಪಿರಲಿ.

ಹಾಗಾದರೆ ಏನು ಮಾಡೋಣ? ಎರಡೂ ಬದಿಯ ಫೋಟೋ ತೆಗೆಯಿರಿ. ತೂಕ ಬರೆದುಕೊಳ್ಳಿ. ಯಾರ ಮದುವೆಯದು, ಯಾರು ಯಾರಿಗೆ ಕೊಟ್ಟದ್ದು ಎಂದು ಅತ್ತೆಯನ್ನೋ ದೊಡ್ಡಪ್ಪನನ್ನೋ ಕೇಳಿ ಒಂದು ಚೀಟಿಯಲ್ಲಿ ಬರೆದು, ನಾಣ್ಯದ ಜೊತೆ ಊರಿನಲ್ಲೇ ನಂಬಿಕಸ್ಥರ ಕೈಯಲ್ಲೋ ಬ್ಯಾಂಕಿನ ಲಾಕರಿನಲ್ಲೋ ಇಡಿ. ಬೆಳ್ಳಿಯ ದರ ನಾಳೆಯೂ ತಿಳಿದೀತು. ಹೇಳುವ ಹಿರಿಯರು ನಾಳೆ ಇರಲಾರರು. ಇಲ್ಲಿನ ಲಕ್ಷ್ಮೀಪೂಜೆಯ ತಟ್ಟೆಗೆ ಒಂದು ಸಿಲ್ವರ್ ಡಾಲರ್ ಸಾಕು. ಲಕ್ಷ್ಮಿ ಪಾಸ್‌ಪೋರ್ಟ್ ಕೇಳುವವಳಲ್ಲ.

ಎಲ್ಲರಿಗೂ ದೀಪಾವಳಿಯ ಹಾರ್ದಿಕ ಶುಭಾಶಯಗಳು.