ಪಾಲಾರ್ ಗಡಿ ಮತ್ತು ನಮ್ಮ ದಿನಸಿ ಚೀಟಿ

ಮಲೆ ಮಹದೇಶ್ವರ ಬೆಟ್ಟದಿಂದ ಮೆಟ್ಟೂರಿನ ಕಡೆಗೆ ಇಳಿಯುವ ರಸ್ತೆಯಲ್ಲಿ ಪಾಲಾರ್ ಎಂಬ ಪುಟ್ಟ ಊರಿದೆ. ಹೆಸರು ಕೇಳಿದರೆ ಹಿರಿಯರಿಗೆ 1993ರ ನೆಲಬಾಂಬ್ ಸ್ಫೋಟ ನೆನಪಾಗುತ್ತದೆ. ಕರ್ನಾಟಕ ಮುಗಿದು ತಮಿಳುನಾಡು ಆರಂಭವಾಗುವುದು ಇಲ್ಲೇ. ಆದರೆ ಈ ರಾಜ್ಯಗಡಿ ಇಲ್ಲಿಗೆ ಬಂದದ್ದು 1956ರ ನವೆಂಬರ್ 1ರಂದು ಎಂಬುದು ಈಗಿನ ಮಕ್ಕಳಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ಅಲ್ಲಿಯವರೆಗೆ ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಇಂದು ಪ್ರತ್ಯೇಕ ತಾಲ್ಲೂಕಾಗಿರುವ ಹನೂರೂ ಆಗ ಅದರೊಳಗೇ ಇತ್ತು. ಪಕ್ಕದ ಯಳಂದೂರು ಮಾತ್ರ ದಿವಾನ್ ಪೂರ್ಣಯ್ಯನವರ ಜಹಗೀರಾಗಿದ್ದ ಊರು, ಮೈಸೂರಿನದು. ಎತ್ತಿನ ಗಾಡಿಯಲ್ಲಿ ಅರ್ಧ ದಿನದೊಳಗೆ ಮುಟ್ಟಬಹುದಾದ ಎರಡು ಊರುಗಳ ನಡುವೆ ಎರಡು ಸರ್ಕಾರಗಳ ಗಡಿ ಹಾದುಹೋಗಿತ್ತು.

ರಾಜ್ಯಗಳ ಪುನರ್ವಿಂಗಡಣೆಯಾದಾಗ ಆ ಗಡಿ ಅಲ್ಲಿಂದ ಎದ್ದು ಪಾಲಾರಿಗೆ ಬಂದು ಕುಳಿತಿತು. ಭಾಷೆಯ ದೃಷ್ಟಿಯಿಂದ ಅದು ನ್ಯಾಯವೇ. ಆದರೆ ಒಂದು ನಾಡು ಒಂದು ಕೂಟದಿಂದ ಕಳಚಿಕೊಂಡು ಇನ್ನೊಂದಕ್ಕೆ ಸೇರಿದಾಗ ಮನೆಯ ದಿನಸಿ ಚೀಟಿ ಏನಾಗುತ್ತದೆ? ಈ ಪ್ರಶ್ನೆಯನ್ನು ನಮ್ಮ ಪಾಠದ ಪುಸ್ತಕಗಳು ಕೇಳುವುದೇ ಇಲ್ಲ.

ಮೊದಲು ಅಕ್ಕಿಯನ್ನೇ ನೋಡಿ. 1957ರಲ್ಲಿ ಕೇಂದ್ರ ಸರ್ಕಾರ ಆಂಧ್ರ, ಮದ್ರಾಸ್, ಮೈಸೂರು, ಕೇರಳ ನಾಲ್ಕನ್ನೂ ಸೇರಿಸಿ ದಕ್ಷಿಣದ ಅಕ್ಕಿ ವಲಯ ಮಾಡಿತು. ವಲಯದೊಳಗೆ ಅಕ್ಕಿ ಎತ್ತ ಬೇಕಾದರೂ ಹೋಗಬಹುದು, ಹೊರಗೆ ಹೋಗಕೂಡದು. ಹೀಗಾಗಿ ಮದ್ರಾಸ್ ರಾಜ್ಯ ಬಿಟ್ಟು ಬಂದ ಕೊಳ್ಳೇಗಾಲಕ್ಕೆ ಅಕ್ಕಿಯ ಮಟ್ಟಿಗೆ ಆ ಗಡಿ ಅಷ್ಟಾಗಿ ಅಡ್ಡವಾಗಲಿಲ್ಲ. ಏಳು ವರ್ಷದ ಮೇಲೆ, 1964ರಲ್ಲಿ, ಆ ವಲಯ ಒಡೆದು ಒಂದೊಂದು ರಾಜ್ಯವೂ ಒಂದೊಂದು ವಲಯವಾಯಿತು. ಹೆಚ್ಚು ಬೆಳೆಯುವ ರಾಜ್ಯಗಳಿಗೆ ತಮ್ಮ ಅಕ್ಕಿ ತಮ್ಮಲ್ಲೇ ಅಗ್ಗವಾಗಿ ಉಳಿಯಬೇಕಿತ್ತು, ಸರ್ಕಾರಿ ಖರೀದಿಯೂ ಸುಲಭವಾಗಬೇಕಿತ್ತು. ಪರಿಣಾಮ ಊಹಿಸುವುದು ಕಷ್ಟವಲ್ಲ. ಗಡಿ ಮುಚ್ಚಿದರೆ ಬೆಳೆಯುವ ಕಡೆ ಬೆಲೆ ಕುಸಿಯುತ್ತದೆ, ಕೊಳ್ಳುವ ಕಡೆ ಏರುತ್ತದೆ. ಅಕ್ಕಿಗೆ ಹೊರಗಿನವರನ್ನೇ ನಂಬಿದ್ದ ಕೇರಳದಲ್ಲಿ ಹಾಹಾಕಾರವೆದ್ದು, ಅದೇ ವರ್ಷ ಪಡಿತರ ಪದ್ಧತಿ ಬಂತು. ಗಡಿಯ ಎರಡೂ ಬದಿ ಒಂದೇ ಅಕ್ಕಿಗೆ ಎರಡು ಬೆಲೆ ಇದ್ದರೆ ಏನಾಗುತ್ತದೆ? ತಲೆಹೊರೆಯಲ್ಲಿ, ಸೈಕಲ್ಲಿನಲ್ಲಿ, ಬಸ್ಸಿನ ಸೀಟಿನ ಕೆಳಗೆ ಅಕ್ಕಿ ಗಡಿ ದಾಟುತ್ತದೆ. ಆ ಕಾಲದಲ್ಲಿ ದಕ್ಷಿಣದ ಗಡಿಗಳಲ್ಲೆಲ್ಲ ‘ಕಳ್ಳ ಅಕ್ಕಿ’ ಎಂಬ ಮಾತಿತ್ತು. ಅಕ್ಕಿಗೆ ಕಳ್ಳತನ ಗೊತ್ತಿಲ್ಲ, ಪಾಪ. ಹೆಚ್ಚು ಬೆಲೆ ಸಿಗುವ ಕಡೆ ಅದು ಹರಿಯುತ್ತಿತ್ತು ಅಷ್ಟೆ. 1977ರಲ್ಲಿ ಈ ಅಡೆತಡೆಗಳನ್ನು ತೆಗೆದು ದೇಶವನ್ನೆಲ್ಲ ಒಂದೇ ವಲಯ ಮಾಡಲಾಯಿತು.

ಅಕ್ಕಿಯ ಗೋಡೆ ಬಿದ್ದರೂ ತೆರಿಗೆಯ ಗೋಡೆ ಇನ್ನೂ ನಲವತ್ತು ವರ್ಷ ನಿಂತಿತ್ತು. ಅಂತರರಾಜ್ಯ ಮಾರಾಟಕ್ಕೆ ಕೇಂದ್ರ ಮಾರಾಟ ತೆರಿಗೆ ಎಂಬುದೊಂದಿತ್ತು. ಅದರ ಕಾಯಿದೆಯಾದದ್ದೂ 1956ರಲ್ಲೇ. ಶುರುವಿನಲ್ಲಿ ಶೇ 1 ಇದ್ದದ್ದು 1975ರಲ್ಲಿ ಶೇ 4ಕ್ಕೆ ಏರಿತ್ತು. ವಾಣಿಜ್ಯಶಾಸ್ತ್ರ ಓದುವವರು ಒಂದು ಲೆಕ್ಕ ಹಾಕಿ ನೋಡಿ. ಕೊಯಮತ್ತೂರಿನಲ್ಲಿ ತಯಾರಾದ ಒಂದು ವಸ್ತುವಿನ ಬೆಲೆ ನೂರು ರೂಪಾಯಿ ಎಂದಿಟ್ಟುಕೊಳ್ಳಿ. ಗಡಿ ದಾಟುವಾಗ ನಾಲ್ಕು ರೂಪಾಯಿ ಸೇರಿ 104. ಇಲ್ಲಿಯ ಮಾರಾಟ ತೆರಿಗೆ ಶೇ 10 ಎಂದರೆ, ಅದು ಬೀಳುವುದು ನೂರರ ಮೇಲಲ್ಲ, ನೂರ ನಾಲ್ಕರ ಮೇಲೆ. ಒಟ್ಟು 114 ರೂಪಾಯಿ 40 ಪೈಸೆ. ಅದೇ ವಸ್ತು ಮೈಸೂರಿನಲ್ಲಿ ತಯಾರಾಗಿದ್ದರೆ 110 ರೂಪಾಯಿ. ತೆರಿಗೆಯ ಮೇಲೆ ತೆರಿಗೆ ಎಂದರೆ ಇದೇ. ಗಿರಾಕಿಯ ಚೀಟಿಯಲ್ಲಿ ಆ ನಾಲ್ಕು ರೂಪಾಯಿ ಬೇರೆಯಾಗಿ ಕಾಣುತ್ತಲೇ ಇರಲಿಲ್ಲ, ಬೆಲೆಯೊಳಗೆ ಕರಗಿಹೋಗಿರುತ್ತಿತ್ತು. ಜೊತೆಗೆ ರಾಜ್ಯದ ಗಡಿಗಳಲ್ಲಿ ತೆರಿಗೆ ಚೆಕ್‌ಪೋಸ್ಟಿನ ಮುಂದೆ ಸಾಲುಗಟ್ಟಿ ನಿಲ್ಲುತ್ತಿದ್ದ ಲಾರಿಗಳು. ನಿಂತ ಲಾರಿಯ ಬಾಡಿಗೆ, ಚಾಲಕನ ಬತ್ತೆ, ಕೊಳೆತ ಟೊಮ್ಯಾಟೊ, ಎಲ್ಲವನ್ನೂ ಕೊನೆಗೆ ತುಂಬಿಕೊಟ್ಟವರು ಯಾರು ಎಂದು ಬೇರೆ ಹೇಳಬೇಕೆ?

2017ರ ಜುಲೈ 1ರಂದು ಜಿಎಸ್‌ಟಿ ಬಂದು ಆ ಚೆಕ್‌ಪೋಸ್ಟುಗಳು ಎದ್ದವು. ಜಿಎಸ್‌ಟಿಯ ದರಗಳ ಬಗ್ಗೆ ಎಷ್ಟೇ ತಕರಾರಿರಲಿ, ಗಡಿಯ ಸಾಲು ಕರಗಿದ್ದು ಒಳ್ಳೆಯದೇ ಆಯಿತು. ಆದರೆ ಪೆಟ್ರೋಲ್, ಡೀಸೆಲ್, ಮದ್ಯ ಇವು ಜಿಎಸ್‌ಟಿಯ ಹೊರಗೇ ಉಳಿದವು. ತಮಿಳುನಾಡು 2021ರ ಆಗಸ್ಟ್‌ನಲ್ಲಿ ಪೆಟ್ರೋಲಿನ ಮೇಲಿನ ತೆರಿಗೆಯನ್ನು ಲೀಟರಿಗೆ ಮೂರು ರೂಪಾಯಿ ಇಳಿಸಿತು. ಕರ್ನಾಟಕ 2024ರ ಜೂನ್‌ನಲ್ಲಿ ಅದನ್ನು ಶೇ 25.92ರಿಂದ ಶೇ 29.84ಕ್ಕೆ ಏರಿಸಿತು, ಲೀಟರಿಗೆ ಮೂರು ರೂಪಾಯಿಯಷ್ಟು ಹೆಚ್ಚಿತು. ಹಳೆಯ ಗಡಿ ಪೆಟ್ರೋಲ್ ಬಂಕಿನ ಫಲಕದಲ್ಲಿ ಹೀಗೆ ಉಳಿದುಕೊಂಡಿದೆ.

ಈಗ ಕಡಲಾಚೆಗೆ ಹೋಗೋಣ. ನಮ್ಮಲ್ಲಿ ಗೋಡೆ ಬಿದ್ದ ಕಾಲದಲ್ಲೇ ಬ್ರಿಟನ್ನಿನಲ್ಲಿ ಗೋಡೆ ಏಳುತ್ತಿತ್ತು. 1973ರಿಂದ ಐರೋಪ್ಯ ಕೂಟದಲ್ಲಿದ್ದ ಬ್ರಿಟನ್, 2016ರ ಜನಮತಗಣನೆಯ ಪ್ರಕಾರ 2020ರ ಜನವರಿ 31ರಂದು ಹೊರಬಂತು. ಗಡಿಯಲ್ಲಿ ಸುಂಕದ ಕಾಗದಪತ್ರ ಶುರುವಾದದ್ದು 2021ರ ಜನವರಿ 1ರಿಂದ. ಸ್ವಾರಸ್ಯವೆಂದರೆ ಎರಡೂ ಕಡೆಯವರು ಒಪ್ಪಂದ ಮಾಡಿಕೊಂಡು, ತಮ್ಮಲ್ಲೇ ತಯಾರಾದ ವಸ್ತುಗಳ ಮೇಲೆ ಸುಂಕ ಹಾಕುವುದಿಲ್ಲ ಎಂದಿದ್ದರು. ಆದರೂ ಬೆಲೆ ಏರಿತು. ವಸ್ತು ಎಲ್ಲಿ ತಯಾರಾಯಿತೆಂಬ ಪ್ರಮಾಣಪತ್ರ, ಮಾಂಸಕ್ಕೆ ಪಶುವೈದ್ಯರ ಸಹಿ, ಗಡಿಯಲ್ಲಿ ತಪಾಸಣೆ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಸಂಶೋಧಕರ ಲೆಕ್ಕದಂತೆ 2020 ಮತ್ತು 2021 ಎರಡು ವರ್ಷಗಳಲ್ಲಿ ಕೂಟ ಬಿಟ್ಟ ಕಾರಣಕ್ಕೇ ಆಹಾರದ ಬೆಲೆ ಶೇ 6ರಷ್ಟು ಏರಿತು, ಸರಾಸರಿ ಮನೆಯೊಂದಕ್ಕೆ 210 ಪೌಂಡ್ ಹೊರೆ ಬಿತ್ತು. ಪೆಟ್ಟು ಹೆಚ್ಚು ತಿಂದವರು ಬಡವರು, ಏಕೆಂದರೆ ಅವರ ಆದಾಯದಲ್ಲಿ ಊಟದ ಪಾಲೇ ದೊಡ್ಡದು. ಲಂಡನ್ನಿನ ಕನ್ನಡದ ಮನೆಯಲ್ಲಿ ಸಾರಿನ ಬೇಳೆ ಭಾರತದ್ದೇ ಇರಬಹುದು, ಆದರೆ ಚಳಿಗಾಲದಲ್ಲಿ ಟೊಮ್ಯಾಟೊ ಸ್ಪೇನ್‌ನಿಂದ ಬರಬೇಕಲ್ಲ! ಅದೇ ಲೆಕ್ಕದಲ್ಲಿ ಬ್ರಿಟನ್ನಿನ ಉತ್ಪಾದಕರಿಗೆ ಒಂದಿಷ್ಟು ಲಾಭವೂ ಆಯಿತು, ಗ್ರಾಹಕರು ಕಳೆದುಕೊಂಡಷ್ಟು ಅಲ್ಲ.

ಈ ಕೊನೆಯ ಮಾತು ಮುಖ್ಯ. ಗೋಡೆಯ ಖರ್ಚು ಕೊಳ್ಳುವವರಲ್ಲಿ ಚಿಲ್ಲರೆಯಾಗಿ ಹಂಚಿಹೋಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಗೋಡೆ ಬಿದ್ದರೆ ಆಗುವ ನಷ್ಟ ಮಾತ್ರ ಮಾರುವ ಕೆಲವರ ಮೇಲೆ ಒಮ್ಮೆಗೇ ಬೀಳುತ್ತದೆ, ಊರಿಗೆಲ್ಲ ಕಾಣುತ್ತದೆ. ಚೀನಾ, ನ್ಯೂಜಿಲೆಂಡ್ ಮೊದಲಾದ ದೇಶಗಳ ಜೊತೆ ಆರ್‌ಸಿಇಪಿ ಎಂಬ ವ್ಯಾಪಾರ ಕೂಟ ಸೇರಲು ವರ್ಷಗಟ್ಟಲೆ ಮಾತುಕತೆ ನಡೆಸಿದ ಭಾರತ, 2019ರ ನವೆಂಬರ್ 4ರಂದು ಬ್ಯಾಂಕಾಕಿನಲ್ಲಿ ಹಿಂದೆ ಸರಿಯಿತು. ಹೊರಗಿನ ಹಾಲಿನ ಪುಡಿ ಬಂದರೆ ನಾವು ಉಳಿಯುವುದಿಲ್ಲ ಎಂದು ಹೈನುಗಾರರು ಕೂಗಿದ್ದು ಅದಕ್ಕೆ ಒಂದು ಕಾರಣ. ಅಗ್ಗವಾಗಬಹುದಾಗಿದ್ದ ಸಾಮಾನಿನ ಪರವಾಗಿ ಬೀದಿಗಿಳಿದ ಗಿರಾಕಿ ಎಷ್ಟು ಮಂದಿ?

ನಮ್ಮ ಕೊಳ್ಳೇಗಾಲದಲ್ಲಿ ಈ ಎರಡು ಮುಖಗಳೂ ಒಂದೇ ಬೀದಿಯಲ್ಲಿವೆ. ಹಿಂದೆ ಮದ್ರಾಸ್ ರಾಜ್ಯದ ರೇಷ್ಮೆ ಸೀಮೆ ಎಂದರೆ ಮುಖ್ಯವಾಗಿ ಈ ತಾಲ್ಲೂಕೇ. 1956ರಲ್ಲಿ ಅದು ಮೈಸೂರಿಗೆ ಬಂದ ಮೇಲೆ ತಮಿಳುನಾಡು ರೇಷ್ಮೆ ಕೃಷಿಯನ್ನು ಬೇರೆ ಕಡೆ ಬೆಳೆಸಬೇಕಾಯಿತು. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ 30ರಿಂದ ಶೇ 5ಕ್ಕೆ ಇಳಿಯಿತು. ಮಗ್ಗದವರಿಗೆ ಚೀನಾದ ನೂಲು ಅಗ್ಗವಾಯಿತು, ಸೀರೆ ಕೊಳ್ಳುವವರಿಗೂ ಅನುಕೂಲವೇ. ಆದರೆ ಗೂಡಿನ ಬೆಲೆ ಬಿದ್ದು ಹಿಪ್ಪುನೇರಳೆ ಬೆಳೆದವರು ಬೀದಿಗಿಳಿದರು. 2013ರಲ್ಲಿ ಸುಂಕ ಶೇ 15 ಆಯಿತು, ಆಮೇಲೆ ಶೇ 10ಕ್ಕೆ ಇಳಿದು, 2021ರಲ್ಲಿ ಮತ್ತೆ ಶೇ 15ಕ್ಕೆ ಬಂತು. ಮಗಳ ಮದುವೆಗೆ ರೇಷ್ಮೆ ಸೀರೆ ತೆಗೆಯಲು ಹೊರಟವರು ಅಂಗಡಿಯಲ್ಲಿ ನೂಲು ಯಾವ ಊರಿನದು ಎಂದು ಒಮ್ಮೆ ಕೇಳಿ ನೋಡಿ. ಮಾಲೀಕರು ಸೀರೆಯ ಸೆರಗು ತೋರಿಸುತ್ತಾರೆ.