ಹಂಚಿನ ಬೆನ್ನಿನ ಇಸವಿ

ಸುಳ್ಯದ ಕಡೆಯ ಹಳೆಯ ಮನೆಯೊಂದರ ಮಾಡನ್ನು ಇಳಿಸುತ್ತಿದ್ದಾಗ ನಾನು ಅಲ್ಲಿದ್ದೆ. ಹಿರಿಯರು ಅಂಗಳದಲ್ಲಿ ಪೇರಿಸಿದ್ದ ಹಂಚೊಂದನ್ನು ಮಗುಚಿ ತೋರಿಸಿ, "ನೋಡಿ ಇವರೇ, 1865! ಅಜ್ಜನ ಅಪ್ಪ ಕಟ್ಟಿಸಿದ ಮನೆಯೆಂಬುದಕ್ಕೆ ಇದೇ ಸಾಕ್ಷಿ" ಎಂದರು. ಮಗ ಮಾತ್ರ, "ಅಪ್ಪಯ್ಯ, ಸಾಕ್ಷಿಯನ್ನೂ ಮಂಗಗಳು ಉಳಿಸುವುದಿಲ್ಲ. ಸ್ಲ್ಯಾಬು ಹಾಕಿದರೇ ನೆಮ್ಮದಿ" ಎಂದ.

ಆ ಇಸವಿಯ ಕಥೆ ಬೇರೆ. ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಎಂಬವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದುದು 1865ರಲ್ಲಿ. ಮುಂದೆ ಎಷ್ಟೋ ವರ್ಷ ಅಚ್ಚಿನಿಂದ ಹೊರಬಿದ್ದ ಹಂಚುಗಳಿಗೂ ಅದೇ ಅಂಕೆಯ ಮುದ್ರೆ ಬಿತ್ತು. ಅದು ಕಾರ್ಖಾನೆಯ ಜನ್ಮವರ್ಷವೇ ಹೊರತು ಮನೆಯದಲ್ಲ. ಒಂದರೊಳಗೊಂದು ಕಚ್ಚಿಕೊಳ್ಳುವ ಹಂಚಿನ ಉಪಾಯವನ್ನು ಅಲ್ಸೇಸ್ ಪ್ರಾಂತದ ಗಿಲಾರ್ಡೋನಿ ಸಹೋದರರು 1841ರಲ್ಲಿಯೇ ಕಂಡುಹಿಡಿದಿದ್ದರು. ಆದರೆ ಮಣ್ಣು ನಮ್ಮದು. ಸುಬ್ರಹ್ಮಣ್ಯ, ಕಡಬಗಳ ಕಡೆಯಿಂದ ಹರಿದು ಬರುವ ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ಆ ನೇತ್ರಾವತಿಯ ದಂಡೆಯ ಜೇಡಿಯೇ ಆವಿಗೆಯಲ್ಲಿ ಬೆಂದು ಕೆಂಪಾಗಿ ಪುತ್ತೂರು ಸೀಮೆಯ ಮಾಡುಗಳಿಗೆ ಮರಳಿತು. ಅದಕ್ಕೆ ಮುಂಚೆ ಇಲ್ಲಿಯ ಬಹುಮಂದಿಗೆ ಮುಳಿಹುಲ್ಲಿನ ಮಾಡೇ ಗತಿ; ಮಳೆಗಾಲಕ್ಕೆ ಮೊದಲು ಅದನ್ನು ಹೊಸದಾಗಿ ಹೊದಿಸಬೇಕಾಗಿತ್ತು.

ಕಾರ್ಖಾನೆಯವರು ನೀರು ತಡೆಯುವ ಹಂಚನ್ನು ಮಾತ್ರ ಕೊಡಲಿಲ್ಲ. ಮಾಡಿನ ನೆತ್ತಿಯ ತುದಿಗೆ ಹೂವಿನಾಕಾರದ ಕಳಶ, ಒಳಗಿನಿಂದ ಕಾಣುವಂತೆ ಚಿತ್ತಾರದ ಹಂಚು, ಇವೂ ಬಂದವು. ಇಂಥ ಅಲಂಕಾರದಲ್ಲಿ ಚೀನೀಯರನ್ನು ಮೀರಿಸಿದವರಿಲ್ಲವೆಂದು ನನ್ನ ಎಣಿಕೆ. ಅಲ್ಲಿ ಸೂರಿನಂಚಿನ ಹಂಚಿಗೆ ದುಂಡನೆಯ ಮುಖವಿಟ್ಟು, ಅದರ ಮೇಲೆ ಮೃಗಗಳನ್ನೂ ತಾವರೆಯನ್ನೂ ಒತ್ತುತ್ತಿದ್ದರು. ಮಳೆನೀರು ತೊಲೆಯ ತುದಿಗೆ ತಾಗದಿರಲೆಂಬುದು ಮೂಲ ಉದ್ದೇಶ. ಚೆಲುವು ಅನಂತರ ಬಂದು ಸೇರಿತು. ಸೋಂಗ್ ಅರಸರ ಕಾಲದಲ್ಲಿ, 1103ರಲ್ಲಿ, ಲಿ ಜೀ ಎಂಬ ಅಧಿಕಾರಿಯ ವಾಸ್ತುಗ್ರಂಥ ಅಚ್ಚಾಯಿತು. ಹಂಚು ಸುಡುವ ಕ್ರಮ, ಸೀಸ ಮತ್ತು ತಾಮ್ರ ಬೆರೆಸಿ ಮೆರುಗು ಕೊಡುವ ಬಗೆ, ಎಲ್ಲವೂ ಅದರಲ್ಲುಂಟು. ಕೈಫೆಂಗ್ ನಗರದಲ್ಲಿ 1049ರಲ್ಲಿ ಎದ್ದ 13 ಅಂತಸ್ತಿನ ಗೋಪುರಕ್ಕೆ ಮೈತುಂಬ ಮೆರುಗಿನ ಇಟ್ಟಿಗೆ. ದೂರಕ್ಕೆ ಕಬ್ಬಿಣದ ಬಣ್ಣ ತೋರುವುದರಿಂದ ಜನ ಅದನ್ನು ಕಬ್ಬಿಣದ ಗೋಪುರವೆಂದೇ ಕರೆದರು. ಅದು ಇಂದಿಗೂ ನಿಂತಿದೆ.

ಇಸವಿಯ ಗುಟ್ಟನ್ನು ಹೇಳಲೋ ಬೇಡವೋ ಎಂದು ಬಹಳ ಹೊತ್ತು ತಡೆದೆ. ಹೇಳಿದೆ. ಹಿರಿಯರ ಮುಖ ಬಾಡಿತು. ಸ್ವಲ್ಪ ಹೊತ್ತಿನ ಮೇಲೆ ತಾವಾಗಿಯೇ, "ಹಾಗಾದರೆ ಅಜ್ಜಿ ಹೇಳುತ್ತಿದ್ದುದೇ ಸರಿ. ಮದುವೆಯಾಗಿ ಬಂದಾಗ ಈ ಮನೆಗೆ ಮುಳಿಹುಲ್ಲಿತ್ತಂತೆ. ಹಂಚು ಹೊದಿಸಿದ ದಿನ ಇಡೀ ಊರಿಗೆ ಪಾಯಸ ಹಾಕಿಸಿದರಂತೆ. ನಾವು ನಂಬಿರಲಿಲ್ಲ" ಎಂದರು.

ಸಂಜೆಗೆ ಹಂಚು ಕೊಳ್ಳುವವನ ಲಾರಿ ಬಂತು. ಮಗ ಎಣಿಸಿ ಕೊಡುತ್ತಿದ್ದ. ಹಿರಿಯರು ನೆತ್ತಿಯ ಕಳಶವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಯಾರನ್ನೂ ಕೇಳದೆ, ಕೊಟ್ಟಿಗೆಯ ಜಗಲಿಯ ಮೇಲೆ ತಂದಿಟ್ಟರು.