ಮೆಟ್ಟಿಲ ಪಕ್ಕದ ಮೀನಿನ ಹೆಸರು

ಈ ಸ್ಮರಣಸಂಚಿಕೆಯಲ್ಲಿ ಶಾಲೆಯ ಏಳಿಗೆಯನ್ನು ಕುರಿತು ಬರೆಯುವವರು ಬೇರೆ ಇದ್ದಾರೆ. ಪ್ರಕೃತಿವಿಜ್ಞಾನವನ್ನು ಬೋಧಿಸುವ ನಾವು ನಮ್ಮದೇ ಒಂದು ತಪ್ಪನ್ನು ಹಳೆಯ ವಿದ್ಯಾರ್ಥಿನಿಯರ ಮುಂದೆಯೂ ಪೋಷಕರ ಮುಂದೆಯೂ ಒಪ್ಪಿಕೊಂಡು, ಅದರಿಂದ ನಮ್ಮಲ್ಲಿ ಹುಟ್ಟಿದ ಒಂದು ಅಭಿಪ್ರಾಯವನ್ನು ತಿಳಿಸಲು ಸ್ವಲ್ಪ ಸ್ಥಳವನ್ನು ಬೇಡಿ ಪಡೆದಿದ್ದೇವೆ. ತಪ್ಪು ಒಂದು ಮೀನಿನ ವಿಷಯದ್ದು. ಮೀನಾದರೋ ಈಗ ಸಣ್ಣದಾಗಿ ಉಳಿದಿಲ್ಲ.

ವಿಜ್ಞಾನದ ಕೊಠಡಿಗೆ ಏರುವ ಮೆಟ್ಟಿಲುಗಳ ಪಕ್ಕದಲ್ಲಿರುವ ಗಾಜಿನ ತೊಟ್ಟಿಯನ್ನು ನಮ್ಮಲ್ಲಿ ಓದಿಹೋದವರು ಮರೆತಿರಲಾರರು. ಅದರ ಒಂದು ಮೂಲೆಯಲ್ಲಿ, ಗಾಜಿಗೆ ಬಾಯಿಯನ್ನು ಅಂಟಿಸಿಕೊಂಡು, ಮೈಯೆಲ್ಲಾ ಕವಚ ತೊಟ್ಟಂತಿರುವ ಕಪ್ಪು ಕಂದು ಬಣ್ಣದ ಮೀನೊಂದು ಸದಾ ಇರುತ್ತಿತ್ತು. ಅಂಗಡಿಯವರು ಅದನ್ನು ‘ಸಕ್ಕರ್’ ಎಂದು ಮಾರುತ್ತಾರೆ. ತೊಟ್ಟಿಯ ಪಾಚಿಯನ್ನು ತಿಂದು ಗಾಜನ್ನು ಚೊಕ್ಕಟವಾಗಿಡುತ್ತದೆಂದೂ ಹೆಚ್ಚು ಬೆಳೆಯುವುದಿಲ್ಲವೆಂದೂ ಹೇಳಿ ಕೊಡುತ್ತಾರೆ. ಅದರ ಕೆಳಗೆ ನಾವು ದುಂಡಾದ ಅಕ್ಷರಗಳಲ್ಲಿ ‘ಹೈಪೊಸ್ಟೊಮಸ್ ಪ್ಲೆಕೊಸ್ಟೊಮಸ್’ ಎಂದು ಬರೆದು ಅಂಟಿಸಿದ್ದೆವು. ಒಂದು ಮೀನು ಸತ್ತರೆ ಇನ್ನೊಂದನ್ನು ತಂದೆವು. ಹೆಸರುಚೀಟಿ ಮಾತ್ರ ಹಾಗೆಯೇ ಉಳಿಯಿತು. ಎಷ್ಟೋ ತರಗತಿಗಳ ಬಾಲಿಕೆಯರು ಅದನ್ನು ತಮ್ಮ ಟಿಪ್ಪಣಿ ಪುಸ್ತಕಗಳಲ್ಲಿ ಚಿತ್ರಸಹಿತವಾಗಿ ಬರೆದುಕೊಂಡು ಅಂಕಗಳನ್ನು ಪಡೆದರು. ಆ ಹೆಸರನ್ನು ನಾವು ಎಲ್ಲಿಂದ ತಂದೆವೆಂದು ಕೇಳಿದರೆ, ಅಂಗಡಿಯ ಗೋಡೆಯ ಮೇಲಿದ್ದ ಚಿತ್ರಪಟದಿಂದ ಎಂದು ಹೇಳಬೇಕಾಗುತ್ತದೆ.

ಕೇಳಿದವಳು ಎಂಟನೆಯ ತರಗತಿಯ ಒಬ್ಬ ಬಾಲಿಕೆ. ಬೇರೆ ಯಾವುದೋ ಪಾಠಕ್ಕಾಗಿ ಪುಸ್ತಕಭಂಡಾರದಿಂದ ಮೀನುಗಳ ಗ್ರಂಥವೊಂದನ್ನು ತಂದವಳು, ಊಟದ ಬಿಡುವಿನಲ್ಲಿ ತೊಟ್ಟಿಯ ಮುಂದೆ ಬಹಳ ಹೊತ್ತು ನಿಂತು, ಆಮೇಲೆ ನಮ್ಮ ಬಳಿಗೆ ಬಂದಳು. “ಟೀಚರ್, ಬೆನ್ನಿನ ರೆಕ್ಕೆಯಲ್ಲಿ ಒಂದು ಮುಳ್ಳು, ಏಳು ಕಡ್ಡಿ ಎಂದು ಪುಸ್ತಕದಲ್ಲಿದೆ. ನಮ್ಮ ಮೀನಿಗೆ ಹನ್ನೆರಡು ಕಡ್ಡಿಗಳಿವೆಯಲ್ಲಾ?” ಎಂದಳು. ಎರಡು ಸಲ ಎಣಿಸಿದೆಯಾ ಎಂದು ನಾವು ಸ್ವಲ್ಪ ಬಿರುಸಾಗಿಯೇ ಕೇಳಿದೆವು. ನಾಲ್ಕು ಸಲ ಎಣಿಸಿದ್ದಳು. ನಾವು ಎಣಿಸಿದಾಗಲೂ ಹನ್ನೆರಡೇ ಆದುವು.

ಅಲ್ಲಿಗೆ ಚೀಟಿಯ ಮಾತು ಮುಗಿಯಿತು. ಹೈಪೊಸ್ಟೊಮಸ್ ಜಾತಿಯ ಮೀನುಗಳಿಗೆ ಬೆನ್ನಿನ ರೆಕ್ಕೆಯಲ್ಲಿ ಮುಳ್ಳಿನ ಹಿಂದೆ ಸಾಮಾನ್ಯವಾಗಿ ಏಳು ಕಡ್ಡಿಗಳು; ಹತ್ತು ಮತ್ತು ಅದಕ್ಕೆ ಮೇಲ್ಪಟ್ಟು ಇದ್ದು, ರೆಕ್ಕೆ ಹಾಯಿಯಂತೆ ಅಗಲವಾಗಿ ಬಿಚ್ಚಿಕೊಂಡರೆ ಅದು ಟೆರಿಗೊಪ್ಲಿಕ್ತಿಸ್ ಎಂಬ ಬೇರೊಂದು ಜಾತಿ. ಅಂಗಡಿಗಳಲ್ಲಿ ಹಳೆಯ ಹೆಸರಿನಿಂದ ಬರುವವುಗಳಲ್ಲಿ ಹೆಚ್ಚಿನವು ಈ ಎರಡನೆಯವೇ. ಹತ್ತು ಬೆರಳುಗಳಲ್ಲಿ ಎಣಿಸಬಹುದಾದ ಲೆಕ್ಕವನ್ನು ನಾವು ಇಷ್ಟು ವರ್ಷ ಎಣಿಸದೆ ಹೋದೆವು. ಚೀಟಿ ಇತ್ತಾದುದರಿಂದ ಮೀನನ್ನು ನೋಡುವ ಅಗತ್ಯವೇ ನಮಗೆ ತೋರಲಿಲ್ಲ.

ಹೊಸ ಚೀಟಿಯನ್ನು ಬರೆಯೋಣವೆಂದು ಕುಳಿತಾಗ ಎರಡನೆಯ ತೊಡಕು ಬಂದಿತು. ಜಾತಿಯ ಹೆಸರು ಮನೆತನದ ಹೆಸರಿದ್ದಂತೆ. ಅದರ ಮುಂದೆ ಪ್ರಭೇದದ ಸ್ವಂತ ಹೆಸರು ಬರಬೇಕು. ಇದಕ್ಕೆ ಹೊಟ್ಟೆಯನ್ನು ನೋಡಬೇಕೆಂದು ಬಲ್ಲವರು ಹೇಳುತ್ತಾರೆ. ಮೀನನ್ನು ಬಲೆಯಿಂದ ಹಿಡಿಯಲು ಹೊರಟು, ಅದರ ಮುಳ್ಳುಗಳು ಬಲೆಗೆ ಸಿಕ್ಕಿಕೊಳ್ಳುವುದೆಂದು ಓದಿ ಹಿಂಜರಿದೆವು. ಆಗ ಅದೇ ಬಾಲಿಕೆ, ಅದು ದಿನವೂ ಗಾಜಿಗೆ ಅಂಟಿಕೊಂಡು ತನ್ನ ಹೊಟ್ಟೆಯನ್ನು ನಮಗೆ ತೋರಿಸುತ್ತಲೇ ಇದೆಯೆಂದು ನೆನಪಿಸಿದಳು! ಹೊಟ್ಟೆಯ ಮೇಲಿನ ಚುಕ್ಕೆಗಳು ಒಂದಕ್ಕೊಂದು ತಾಗದೆ ಬಿಡಿಬಿಡಿಯಾಗಿದ್ದರೆ ಪಾರ್ಡಾಲಿಸ್, ಒಂದರೊಳಗೊಂದು ಸೇರಿ ಹುಳು ಹರಿದ ಜಾಡಿನಂತಾಗಿದ್ದರೆ ಡಿಸ್ಜಂಕ್ಟಿವಸ್ ಎಂಬುದು ಗ್ರಂಥದ ಮಾತು. ನಮ್ಮ ಮೀನಿನಲ್ಲಿ ಎದೆಯ ಭಾಗದ ಚುಕ್ಕೆಗಳು ಬಿಡಿಯಾಗಿವೆ, ಹಿಂದಿನವು ಸೇರಿಕೊಂಡಿವೆ. ಇಂಥ ನಡುವಿನ ಮೀನುಗಳು ಬೇರೆ ದೇಶಗಳ ನೀರಿನಲ್ಲಿಯೂ ಸಿಕ್ಕಿವೆ. ಇವು ಎರಡೂ ಪ್ರಭೇದಗಳ ಬೆರಕೆ ಸಂತತಿಯಾಗಿರಬಹುದೆಂದು ಶಾಸ್ತ್ರಜ್ಞರಲ್ಲಿ ಕೆಲವರು ಹೇಳುತ್ತಾರೆ.

ಆದುದರಿಂದ ಈಗಿನ ಚೀಟಿಯಲ್ಲಿ ‘ಟೆರಿಗೊಪ್ಲಿಕ್ತಿಸ್, ಪ್ರಭೇದ ನಿಶ್ಚಯವಾಗಿಲ್ಲ’ ಎಂದಿದೆ. ಇದನ್ನು ಕಂಡು ಕೆಲವು ಹಿರಿಯರು ಬೇಸರಪಟ್ಟರು. ಶಾಲೆಯ ಗೋಡೆಯ ಮೇಲೆ ‘ನಿಶ್ಚಯವಾಗಿಲ್ಲ’ ಎಂದು ಬರೆಯುವುದು ಉಪಾಧ್ಯಾಯಿನಿಯರ ಗೌರವಕ್ಕೆ ಕುಂದಲ್ಲವೇ, ಮಕ್ಕಳು ಏನೆಂದುಕೊಂಡಾರು, ಎಂದು ಕೇಳಿದರು. ಮೊಬೈಲಿನಲ್ಲಿ ಚಿತ್ರ ತೆಗೆದು ತೋರಿಸಿದರೆ ಕ್ಷಣದಲ್ಲಿ ಹೆಸರು ಬರುವುದೆಂದು ಒಬ್ಬರು ಉಪಾಯವನ್ನೂ ಹೇಳಿಕೊಟ್ಟರು. ಅದನ್ನೂ ಮಾಡಿನೋಡಿದೆವು. ಮೂರು ಚಿತ್ರಗಳಿಗೆ ಮೂರು ಹೆಸರುಗಳು ಬಂದುವು, ಮೂರೂ ಬಹಳ ಧೈರ್ಯವಾಗಿ.

ಅವರ ಆಕ್ಷೇಪಣೆಗೆ ನಮ್ಮ ಉತ್ತರವೇನೆಂದರೆ, ಈ ಬಳಗದ ಮೀನುಗಳು ನಮಗಿಂತ ಬಹು ದೊಡ್ಡವರನ್ನೂ ತಡವರಿಸುವಂತೆ ಮಾಡಿವೆ. ನಮ್ಮ ಕೆರೆಗಳ ಮುರುಗೋಡು, ಚೇಳುಮೀನುಗಳನ್ನೂ ಒಳಗೊಂಡು ಮೀಸೆಯುಳ್ಳ ಈ ಮೀನುಗಳಲ್ಲಿ ಮೂರು ಸಾವಿರಕ್ಕೂ ಮಿಕ್ಕಿ ಪ್ರಭೇದಗಳಿವೆ. ಗಾಜಿಗೆ ಅಂಟುವ ಕವಚದ ಮೀನುಗಳು ದಕ್ಷಿಣ ಅಮೇರಿಕೆಯವೂ ಅದರ ನೆರೆಯ ದೇಶಗಳವೂ ಆಗಿವೆ. ನಾವು ತಪ್ಪಾಗಿ ಬರೆದಿದ್ದ ಆ ಪ್ಲೆಕೊಸ್ಟೊಮಸ್ ಮೀನಿಗೆ ಲಿನ್ನೇಯಸ್ ಪಂಡಿತನು 1758ರಲ್ಲಿ ಹೆಸರಿಟ್ಟಾಗ, ಅದರ ಕವಚವನ್ನು ನೋಡಿ ತಣ್ಣೀರಿನ ದೇಶಗಳ ಸ್ಟರ್ಜನ್ ಮೀನುಗಳ ಜಾತಿಗೆ ಸೇರಿಸಿಬಿಟ್ಟನು. ಚಾರ್ಲ್ಸ್ ಡಾರ್ವಿನ್ನನು ಬೀಗಲ್ ಹಡಗಿನ ಪ್ರಯಾಣದಲ್ಲಿ ಕವಚವುಳ್ಳ ಒಂದು ಚಿಕ್ಕ ಮೀಸೆಮೀನನ್ನು ಸಂಗ್ರಹಿಸಿದನು. ಆದರೆ ತಾನು ಹಿಡಿದುದೆಂದು ತಾನೇ ಹೆಸರಿಡಲು ಹೋಗಲಿಲ್ಲ. ಮೀನುಗಳನ್ನೆಲ್ಲ ಲಿಯೊನಾರ್ಡ್ ಜೆನಿನ್ಸ್ ಎಂಬ ಪಾದ್ರಿಗೆ ಒಪ್ಪಿಸಿದನು, ಆತನು 1842ರಲ್ಲಿ ಅದಕ್ಕೆ ಪಾಲಿಯಾಟಸ್ ಎಂದು ಹೆಸರಿಟ್ಟನು. ಕಾರಿಡೊರಸ್ ಎಂದು ಇಂದು ಅಂಗಡಿಗಳಲ್ಲಿ ಮಾರಾಟವಾಗುವ ಆ ಮೀನಿನ ಜಾತಿಯ ಹೆಸರನ್ನು 2024ರಲ್ಲಿ ಸಂಶೋಧಕರು ಮತ್ತೆ ಬದಲಾಯಿಸಿದ್ದಾರೆ.

ಜರ್ಮನಿಯವರು ಮಾಡಿದ ಏರ್ಪಾಡು ನಮಗೆ ಎಲ್ಲಕ್ಕಿಂತಲೂ ಹಿಡಿಸಿತು. ಬ್ರೆಜಿಲ್ ಮುಂತಾದ ದೇಶಗಳಿಂದ ಹೆಸರೇ ಇಲ್ಲದ ಕವಚಮೀನುಗಳು ರಾಶಿರಾಶಿಯಾಗಿ ಬರತೊಡಗಿದಾಗ, ಅಲ್ಲಿಯ ಮೀನುಸಾಕಣೆಯ ಪತ್ರಿಕೆಯೊಂದು 1988ರಲ್ಲಿ ಬಾಯಿಗೆ ಬಂದ ಹೆಸರುಗಳನ್ನು ಬಿಟ್ಟು, ಒಂದೊಂದಕ್ಕೂ ಚಿತ್ರವನ್ನೂ ಸಿಕ್ಕಿದ ಸ್ಥಳವನ್ನೂ ಅಚ್ಚುಮಾಡಿ ‘ಎಲ್ 1’, ‘ಎಲ್ 2’ ಎಂದು ಅಂಕಿಗಳನ್ನು ಕೊಡುತ್ತಾ ಬಂದಿತು. ಅಂಕಿಯೆಂದರೆ, ನೋಡಿದ್ದೇವೆ, ಇನ್ನೂ ತಿಳಿದಿಲ್ಲ, ಎಂದರ್ಥ. ಮೊದಲನೆಯ ಅಂಕಿಯ ಮೀನಿಗೆ 1991ರಲ್ಲಿ ಶಾಸ್ತ್ರೀಯವಾದ ಹೆಸರು ದೊರೆಯಿತು. ಅದೇ ಮೀನಿಗೆ ‘ಎಲ್ 22’ ಎಂಬ ಇನ್ನೊಂದು ಅಂಕಿಯೂ ಬಿದ್ದಿದ್ದುದು ಗೊತ್ತಾಯಿತು. ತಪ್ಪಿದರೂ ತಿದ್ದುವುದಕ್ಕೆ ದಾರಿಯಿದ್ದಿತು. ಸುಳ್ಳು ಹೆಸರಿಗೆ ಅಂಥ ದಾರಿಯಿಲ್ಲ. ಅದು ನಮ್ಮ ಚೀಟಿಯಂತೆ ಅಂಟಿಕೊಂಡೇ ಇರುತ್ತದೆ.

ಹೆಸರು ಏನಾದರೇನು, ಮೀನು ಮೀನೇ ಅಲ್ಲವೇ ಎನ್ನುವವರೂ ಇದ್ದಾರೆ. ಮೀನಿಗೆ ಹಾಗಲ್ಲ. ಷಿಂಗು ನದಿಯ ಪಟ್ಟೆ ಪಟ್ಟೆಯ ಮೀನು, ‘ಎಲ್ 46’ ಎಂಬುದು, ಮಾಂಸದ ಆಹಾರವನ್ನೇ ಬಯಸತಕ್ಕದ್ದು. ಪಾಚಿ ತಿನ್ನುವುದೆಂದು ತಿಳಿದು ಸೊಪ್ಪನ್ನು ಹಾಕಿದರೆ ಸೊರಗಿ ಸಾಯುತ್ತದೆ. ಪನಾಕೆ ಎಂಬ ಜಾತಿಯದಕ್ಕೆ ಕೆರೆದು ತಿನ್ನಲು ಮರದ ತುಂಡು ಬೇಕು. ನಮ್ಮದೂ, ಬೆರಳಿನಷ್ಟಿದ್ದಾಗ ಕೊಂಡುಕೊಂಡದ್ದು, ಈಗ ಮೊಣಕೈಯಿಂದ ಅಂಗೈವರೆಗೆ ಉದ್ದವಿದೆ. ಮೂರು ಅಡಿಯ ತೊಟ್ಟಿಯಲ್ಲಿ ತಿರುಗಲು ಅದಕ್ಕೆ ಕಷ್ಟ. ಹೆಸರನ್ನು ಮೊದಲೇ ವಿಚಾರಿಸಿದ್ದರೆ ಅದನ್ನು ತರುತ್ತಲೇ ಇರಲಿಲ್ಲ.

ಇಲ್ಲಿಂದ ಮುಂದಿನ ಸಂಗತಿಯೇ ಈ ಬರಹಕ್ಕೆ ನಿಜವಾದ ಕಾರಣ. ಮೀನಿನ ಅವಸ್ಥೆಯನ್ನು ಕಂಡು ಕನಿಕರಪಟ್ಟ ಒಬ್ಬ ತಾಯಿ, ಅದನ್ನು ಊರ ಕೆರೆಗೆ ಬಿಟ್ಟು ಪುಣ್ಯ ಕಟ್ಟಿಕೊಳ್ಳಿರೆಂದು ಚೀಟಿ ಬರೆದು ಕಳುಹಿಸಿದ್ದರು. ಆಕೆಯ ಮನಸ್ಸು ಒಳ್ಳೆಯದೇ. ಆದರೆ ಈ ಮೀನು ಕೆಟ್ಟ ನೀರಿನಲ್ಲಿ ಮೇಲೆ ಬಂದು ಗಾಳಿಯನ್ನು ನುಂಗಿ ಹೊಟ್ಟೆಯಿಂದಲೇ ಉಸಿರಾಡಬಲ್ಲುದು. ದಡದ ಮಣ್ಣಿನಲ್ಲಿ ಬಿಲಗಳನ್ನು ತೋಡಿ ಮೊಟ್ಟೆಯಿಡುವುದು, ಗಂಡು ಅವನ್ನು ಕಾಯುವುದು. ಕವಚವೂ ಮುಳ್ಳೂ ಇರುವುದರಿಂದ ಇಲ್ಲಿಯ ಹಕ್ಕಿಗಳಿಗೂ ಮೀನುಗಳಿಗೂ ನುಂಗಲಾರದ ತುತ್ತು. ಹೀಗೆ ಸಾಕಿದವರು ಬಿಟ್ಟ ಮೀನುಗಳು ಅಮೇರಿಕೆಯ ಫ್ಲಾರಿಡಾದಲ್ಲಿ ಕಾಲುವೆಗಳ ದಂಡೆಗಳನ್ನು ಕೊರೆದಿವೆ. ಮೆಕ್ಸಿಕೋ ದೇಶದ ಇನ್ಫಿಯರ್ನಿಯೊ ಜಲಾಶಯದಲ್ಲಿ ತಿನ್ನುವ ಮೀನಿನ ಬದಲು ಬಲೆಗಳಲ್ಲಿ ಇವೇ ತುಂಬಿ ಬೆಸ್ತರ ಜೀವನಕ್ಕೇ ಕುತ್ತು ತಂದಿವೆ. ಅಷ್ಟು ದೂರವೇಕೆ, ಕೇರಳದ ಕಾಲುವೆಗಳಲ್ಲಿಯೂ ಕೋಲ್ಕತ್ತದ ಪೂರ್ವಕ್ಕಿರುವ ಜೌಗುಭೂಮಿಯ ಮೀನುಹೊಂಡಗಳಲ್ಲಿಯೂ ಸಿಕ್ಕಿವೆ. ಮೀನು ಹಿಡಿದು ಜೀವಿಸುವ ಮನೆಗಳ ಮಕ್ಕಳೂ ನಮ್ಮ ಶಾಲೆಯ ಬೆಂಚುಗಳಲ್ಲಿ ಕುಳಿತಿದ್ದಾರೆ. ಅವರ ತಂದೆಯರ ಬಲೆಗೆ ಈ ಮೀನನ್ನು ನಮ್ಮ ಕೈಯಾರೆ ಹಾಕುವುದು ನಮ್ಮಿಂದಾಗದು. ನಿಶ್ಚಯವಿಲ್ಲದ ಹೆಸರಿನ ಮೀನನ್ನು ನೀರಿಗೆ ಬಿಡುವುದಂತೂ ಇನ್ನೂ ಸಲ್ಲದು.

ಆದುದರಿಂದ ಮೀನನ್ನು ಹಿಂದಿನ ಅಂಗಳದ ಸಿಮೆಂಟು ತೊಟ್ಟಿಗೆ ಸಾಗಿಸಿ, ಮಳೆಗಾಲದಲ್ಲಿ ನೀರು ತುಂಬಿ ಹರಿದರೂ ಹೊರಬೀಳದಂತೆ ಮೇಲೆ ತಂತಿಯ ಜಾಲರಿಯನ್ನು ಬಿಗಿಸಿದ್ದೇವೆ. ಕುಂಬಳಕಾಯಿಯ ಹೋಳುಗಳನ್ನು ಇಷ್ಟಪಟ್ಟು ತಿನ್ನುತ್ತದೆ. ಮನೆಗಳಲ್ಲಿ ಇಂಥ ಮೀನು ದೊಡ್ಡದಾಗಿ ಬೆಳೆದು ಏನು ಮಾಡಬೇಕೆಂದು ತೋಚದಿರುವ ಪೋಷಕರು ಕೆರೆಗೆ ಹೋಗುವ ಮೊದಲು ನಮ್ಮಲ್ಲಿಗೆ ಬರಬೇಕೆಂದು ಕೋರುತ್ತೇವೆ, ಇನ್ನೆರಡಕ್ಕೆ ಸ್ಥಳವಿದೆ. ಹಳೆಯ ವಿದ್ಯಾರ್ಥಿನಿಯರು ತಮ್ಮ ಪೆಟ್ಟಿಗೆಗಳಲ್ಲಿ ಆ ಟಿಪ್ಪಣಿ ಪುಸ್ತಕವನ್ನು ಇನ್ನೂ ಇಟ್ಟುಕೊಂಡಿದ್ದರೆ, ನಾವು ಕೊಟ್ಟ ಹೆಸರನ್ನು ಹೊಡೆದುಹಾಕಿ ಮೇಲೆ ಹೇಳಿದುದನ್ನು ಬರೆದುಕೊಳ್ಳಬೇಕು. ಚಿತ್ರ ಬರೆಯುವಾಗ ಬೆನ್ನಿನ ರೆಕ್ಕೆಯ ಕಡ್ಡಿಗಳನ್ನು ಸರಿಯಾಗಿ ಎಣಿಸಿ ಬರೆದವರು ಯಾರಾದರೂ ಇದ್ದು, ಅದಕ್ಕಾಗಿ ನಾವು ಅಂಕ ಕಳೆದಿದ್ದರೆ, ದಯವಿಟ್ಟು ನಮಗೊಂದು ಕಾಗದ ಬರೆಯಿರಿ.